ಗಣಿತದ ಅಂಜಿಕೆ: ದೋಷವಾರದು?

“ಈ ಹುಡುಗನ ತಲೆಗೆ ಲೆಕ್ಕ ಹತ್ತದು” ಎಂದು ತೀರ್ಪು ಕೊಡುವ ಗುರುಗಳು ಒಮ್ಮೆ ಕೌಜಲಗಿಯ ಪೇಟೆಯಲ್ಲಿ ನಿಂತು ನೋಡಲಿ. ಅದೇ ಹುಡುಗನು ಅರ್ಧ ಕಿಲೋ ಬೆಲ್ಲದ ಬೆಲೆಯನ್ನು ಮನಸ್ಸಿನಲ್ಲಿಯೇ ಕಟ್ಟಿ, ಚಿಲ್ಲರೆಯನ್ನು ತಪ್ಪಿಲ್ಲದೆ ಎಣಿಸಿಕೊಳ್ಳುವನು. ಅಂಗಡಿಯಲ್ಲಿದ್ದ ಬುದ್ಧಿಯು ಶಾಲೆಯ ಹೊಸ್ತಿಲಲ್ಲಿ ಅಡಗುವುದಾದರೆ ದೋಷವು ಬುದ್ಧಿಯದಲ್ಲ, ಬೋಧನೆಯದು.

ಭಯವಿಲ್ಲದೆ ಮಗ್ಗಿ ಬಾರದೆಂಬ ವಾದವುಂಟು. ಆದರೆ ತಪ್ಪನ್ನು ಮುಚ್ಚಿಡಲು ಕಲಿತ ಮಗುವು ಅದನ್ನು ತಿದ್ದಿಕೊಳ್ಳಲು ಕಲಿಯದು. ಭಾಸ್ಕರಾಚಾರ್ಯನು ೧೧೫೦ರ ಸುಮಾರಿಗೆ ರಚಿಸಿದ ‘ಲೀಲಾವತಿ’ಯಲ್ಲಿ ‘ಬಾಲೆ’ ಎಂದು ಅಕ್ಕರೆಯಿಂದ ಕರೆದು, ದುಂಬಿ ಹಂಸಗಳ ಲೆಕ್ಕವನ್ನು ಕೇಳಿದನು, ಬೆದರಿಸಲಿಲ್ಲ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯೂ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹಲಗೆಯ ಮುಂದೆ ನಿಲ್ಲಿಸಿ ನಗೆಗೀಡುಮಾಡುವುದು ಕಿರುಕುಳವಲ್ಲದೆ ಮತ್ತೇನು? “ತಪ್ಪು” ಎನ್ನುವ ಮೊದಲು “ಹೇಗೆ ಮಾಡಿದೆ, ಹೇಳು” ಎಂದು ಕೇಳುವ ಗುರುವಿನ ಮುಂದೆ ಮಗುವಿನ ಅಂಜಿಕೆಯು ಬಹುಕಾಲ ನಿಲ್ಲದು.