ವಿದೇಶ ಪ್ರವಾಸ: ಹೋಗುವ ಲೆಕ್ಕಕ್ಕಿಂತ ಮರಳುವ ಲೆಕ್ಕ ಮುಖ್ಯ

ಸಿಮೆಂಟ್, ಬಣ್ಣ, ರಸಗೊಬ್ಬರ, ಬಿತ್ತನೆ ಬೀಜ, ಪಂಪ್‌ಸೆಟ್ ಹಾಗೂ ಪೈಪುಗಳನ್ನು ತಯಾರಿಸುವ ಕಂಪನಿಗಳು ವಾರ್ಷಿಕ ಮಾರಾಟದ ಗುರಿ ಮುಟ್ಟಿದ ಡೀಲರುಗಳನ್ನು ವಿದೇಶ ಪ್ರವಾಸಕ್ಕೆ ಕರೆದೊಯ್ಯುವುದು ಬಹುಕಾಲದಿಂದ ನಡೆದುಬಂದಿರುವ ವಾಡಿಕೆ. ಬ್ಯಾಂಕಾಕ್, ಸಿಂಗಪುರ, ಕ್ವಾಲಾಲಂಪುರ, ದುಬೈ ಮುಂತಾದ ನಗರಗಳ ಹೆಸರು ಈಗ ಜಿಲ್ಲಾ ಕೇಂದ್ರದ ದೊಡ್ಡ ವರ್ತಕರಿಗೆ ಮಾತ್ರವಲ್ಲದೆ ತಾಲ್ಲೂಕು, ಹೋಬಳಿ ಮಟ್ಟದ ಅಂಗಡಿಗಳವರಿಗೂ ಪರಿಚಿತವಾಗಿದೆ. ಕಂಪನಿಯ ಖರ್ಚಿನಲ್ಲಿ ಹೋಗುವವರ ಜೊತೆಗೆ ಸ್ವಂತ ಖರ್ಚಿನಲ್ಲಿ ಪತ್ನಿ ಮಕ್ಕಳನ್ನು ಕರೆದೊಯ್ಯುವವರೂ ಇದ್ದಾರೆ. ಟಿಕೆಟ್ ಕೈಸೇರಿ ವೀಸಾ ಬಂದು ಹೊರಡಲು ಹದಿನೈದು ದಿನ ಉಳಿದಿರುವಾಗ ಎಲ್ಲಿಯೋ ಸಾಂಕ್ರಾಮಿಕ ರೋಗವೊಂದು ಕಾಣಿಸಿಕೊಂಡಿತೆಂಬ ಸುದ್ದಿ ಬಂದರೆ ಏನು ಮಾಡಬೇಕು? ವರ್ತಕ ಕುಟುಂಬಗಳು ಈ ಪ್ರಶ್ನೆಯನ್ನು ಒಮ್ಮೆ ಎದುರಿಸಿವೆ, ಮುಂದೆಯೂ ಎದುರಿಸಲಿವೆ. ಆದ್ದರಿಂದ ರೋಗವಿಲ್ಲದ ಕಾಲದಲ್ಲಿಯೇ ಇದನ್ನು ಸಮಾಧಾನವಾಗಿ ಪರಿಶೀಲಿಸುವುದು ಒಳ್ಳೆಯದು.

ಪಾವಗಡ ತಾಲ್ಲೂಕಿನ ತಿರುಮಣಿಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. 2018ರಲ್ಲಿ ಉದ್ಘಾಟನೆಗೊಂಡ ಸೌರ ವಿದ್ಯುತ್ ಪಾರ್ಕು ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ ಹರಡಿದ್ದು, ಅದರ ಸಾಮರ್ಥ್ಯ 2,050 ಮೆಗಾವಾಟ್. ಭೂಮಿಯನ್ನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂ. ಬಾಡಿಗೆ ಹಾಗೂ ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆಯ ಕರಾರಿನ ಮೇಲೆ ರೈತರಿಂದ ಪಡೆಯಲಾಯಿತು. ಮಳೆಯನ್ನೇ ನಂಬಿ ಕಡಲೆಕಾಯಿ ಬೆಳೆಯುತ್ತಿದ್ದ ಸೀಮೆಗೆ ವರ್ಷವರ್ಷವೂ ನಿಶ್ಚಿತವಾದ ನಗದು ಬರತೊಡಗಿತು. ನಗದು ಬಂದ ಊರಿಗೆ ಕಂಪನಿಯ ಮಾರಾಟದ ಗುರಿ ಬರುತ್ತದೆ, ಗುರಿಯ ಹಿಂದೆ ಬಹುಮಾನವೂ ಬರುತ್ತದೆ. ಇಂತಹ ಊರಿನ ಒಬ್ಬ ಸಿಮೆಂಟ್ ಡೀಲರನ್ನು ಊಹಿಸಿಕೊಳ್ಳೋಣ. ಅಂಗಡಿಯಲ್ಲಿ ಇಬ್ಬರು ಹಮಾಲಿಗಳು, ಒಬ್ಬ ಲೆಕ್ಕ ಬರೆಯುವ ಹುಡುಗ. ಮನೆಯಲ್ಲಿ ಸಕ್ಕರೆ ಕಾಯಿಲೆಯ ತಾಯಿ. ಜಿಲ್ಲಾ ಆಸ್ಪತ್ರೆಯಿರುವ ತುಮಕೂರು ನೂರು ಕಿಲೋಮೀಟರಿಗೂ ದೂರ. ಇವರ ಮುಂದೆ ಬಂದು ನಿಲ್ಲುವ ನಿರ್ಧಾರವೇ ಈ ಲೇಖನದ ವಿಷಯ.

ಸಾಮಾನ್ಯವಾಗಿ ಜನ ಕೇಳಿಕೊಳ್ಳುವುದು ಎರಡು ಪ್ರಶ್ನೆಗಳನ್ನು. ಒಂದು, ‘ಅಲ್ಲಿ ನನಗೆ ರೋಗ ತಗಲೀತೇ?’ ಇನ್ನೊಂದು, ‘ಕಟ್ಟಿದ ಹಣ ಹೋಗುತ್ತದಲ್ಲಾ?’ ಇವೆರಡೂ ಸಹಜವೇ. ಆದರೆ ಇವು ವರ್ತಕನು ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲ. ಗೊತ್ತುಪಡಿಸಿದ ದಿನ ಮರಳಿ ಬರಲು ಸಾಧ್ಯವೇ, ಮರಳಿದ ಮೇಲೆ ಎರಡು ವಾರ ಮನೆಯೊಳಗೆ ಪ್ರತ್ಯೇಕವಾಗಿರಲು ಸಾಧ್ಯವೇ ಎಂಬುದೇ ಮೊದಲ ಪ್ರಶ್ನೆ.

2020ರ ಮಾರ್ಚ್ ತಿಂಗಳು ಇದಕ್ಕೆ ಸಾಕ್ಷಿ. ವಿಶ್ವ ಆರೋಗ್ಯ ಸಂಸ್ಥೆಯು ಜನವರಿ 30ರಂದೇ ಕೊರೊನಾ ರೋಗವನ್ನು ಅಂತರರಾಷ್ಟ್ರೀಯ ಆರೋಗ್ಯ ತುರ್ತುಸ್ಥಿತಿ ಎಂದು ಘೋಷಿಸಿತ್ತು. ಆದರೂ ಫೆಬ್ರವರಿಯಲ್ಲಿ ಪ್ರವಾಸಗಳು ನಡೆದೇ ಇದ್ದವು. ಮಾರ್ಚ್ 11ರಂದು ಭಾರತ ಸರ್ಕಾರವು ಅನಗತ್ಯ ವಿದೇಶ ಪ್ರಯಾಣ ಬೇಡವೆಂದು ನಾಗರಿಕರಿಗೆ ಸೂಚಿಸಿತು. ಮಾರ್ಚ್ 17ರಂದು ಮಲೇಷ್ಯಾ, ಫಿಲಿಪೈನ್ಸ್ ಮತ್ತು ಆಫ್ಘಾನಿಸ್ತಾನಗಳಿಂದ ಬರುವ ಪ್ರಯಾಣಿಕರನ್ನು ತಕ್ಷಣದಿಂದಲೇ ತಡೆಯಲಾಯಿತು. ಕ್ವಾಲಾಲಂಪುರದ ವಿಮಾನ ನಿಲ್ದಾಣದಲ್ಲಿ ಭಾರತೀಯರು ಸಿಕ್ಕಿಬಿದ್ದರು. ಮಾರ್ಚ್ 22ರಿಂದ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳೇ ನಿಂತವು. ವಿದೇಶದಲ್ಲಿ ಉಳಿದವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಆರಂಭವಾದದ್ದು ಮೇ 7ರಂದು. ನಿಗದಿತ ಅಂತರರಾಷ್ಟ್ರೀಯ ವಿಮಾನ ಸೇವೆ ಪೂರ್ಣವಾಗಿ ಮರಳಿದ್ದು 2022ರ ಮಾರ್ಚ್ 27ರಂದು. ಸೂಚನೆಗೂ ದಾರಿ ಮುಚ್ಚುವುದಕ್ಕೂ ನಡುವೆ ಇದ್ದ ಅವಧಿ ಹನ್ನೊಂದು ದಿನ. ಮಲೇಷ್ಯಾಕ್ಕೆ ಹೋದವರಿಗೆ ಆರೇ ದಿನ. ಐದು ದಿನದ ಪ್ರವಾಸಕ್ಕೆ ಹೋದವರು ಎರಡು ತಿಂಗಳು ಪರದೇಶದಲ್ಲಿ ಉಳಿದರೆ ಅಂಗಡಿಯ ಚೆಕ್ಕಿಗೆ ಸಹಿ ಹಾಕುವವರು ಯಾರು, ಪ್ರತಿ ತಿಂಗಳ ಜಿ.ಎಸ್.ಟಿ. ವಿವರ ಸಲ್ಲಿಸುವವರು ಯಾರು, ಮುಂಗಾರಿನ ದಾಸ್ತಾನಿಗೆ ಮುಂಗಡ ಕಟ್ಟುವವರು ಯಾರು? ರೋಗ ತಗಲದಿದ್ದರೂ ವ್ಯಾಪಾರಕ್ಕೆ ಪೆಟ್ಟು ಬೀಳುವುದು ಹೀಗೆ.

ಎರಡನೆಯದು ಮರಳಿದ ನಂತರದ ದಿನಗಳು. ದೊಡ್ಡ ನಗರದಲ್ಲಿ ಪ್ರವಾಸದಿಂದ ಬಂದವರು ಒಂದು ಫ್ಲಾಟಿನ ಬಾಗಿಲು ಮುಚ್ಚಿಕೊಂಡು ಇದ್ದುಬಿಡಬಹುದು. ಸಣ್ಣ ಊರಿನ ಅಂಗಡಿಕಾರನಿಗೆ ಅದು ಅಷ್ಟು ಸುಲಭವಲ್ಲ. ಅವನ ಗಲ್ಲಾಪೆಟ್ಟಿಗೆಯ ಮುಂದೆ ದಿನಕ್ಕೆ ನೂರು ಜನ ನಿಲ್ಲುತ್ತಾರೆ. ತಿರುಮಣಿ, ಮಧುಗಿರಿ, ಕೊರಟಗೆರೆಯಂತಹ ಊರುಗಳಲ್ಲಿ ಅಂಗಡಿಯು ಹತ್ತು ಹಳ್ಳಿಗಳು ಕೂಡುವ ಸ್ಥಳ. 2020ರ ಮಾರ್ಚ್‌ನಲ್ಲಿ ಮಧುಗಿರಿಯ ನೆರೆಯ ಗೌರಿಬಿದನೂರಿನಲ್ಲಿ ರೋಗ ಮೊದಲು ಪತ್ತೆಯಾದದ್ದು ವಿದೇಶ ಯಾತ್ರೆಯಿಂದ ಮರಳಿದವರಲ್ಲಿ. ಅವರು ಹೊರಟಾಗ ಯಾರೂ ಅವರನ್ನು ತಡೆದಿರಲಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಅದೇ ಮಾರ್ಚ್ 27ರಂದು ತುಮಕೂರು ಜಿಲ್ಲೆಯ ಮೊದಲ ಕೊರೊನಾ ಸಾವು ಸಂಭವಿಸಿದ್ದು ಶಿರಾದ ಹಿರಿಯರೊಬ್ಬರದು. ಅವರು ರೈಲಿನಲ್ಲಿ ದೆಹಲಿಗೆ ಹೋಗಿ ಬಂದಿದ್ದರು. ರೋಗಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ, ದೂರದ ಊರಿನಿಂದ ಬಂದ ಬಂಡಿಯಷ್ಟೇ ಸಾಕು ಎಂಬುದನ್ನು ಇದು ತೋರಿಸುತ್ತದೆ. 1898ರಲ್ಲಿ ಪ್ಲೇಗು ಬೆಂಗಳೂರನ್ನು ತಲುಪಿದ್ದೂ ಹುಬ್ಬಳ್ಳಿಯ ಕಡೆಯಿಂದ ರೈಲಿನ ಮೂಲಕವೇ.

ಹೊರದೇಶದ ನಿದರ್ಶನವೊಂದು ವರ್ತಕರಿಗೆ ಇನ್ನೂ ಹತ್ತಿರದ್ದು. 2015ರ ಮೇ ತಿಂಗಳಿನಲ್ಲಿ ದಕ್ಷಿಣ ಕೊರಿಯಾದ ಒಬ್ಬ ವ್ಯಾಪಾರಸ್ಥರು ಕೊಲ್ಲಿ ದೇಶಗಳ ಪ್ರವಾಸ ಮುಗಿಸಿ ಮರಳಿದರು. ಜ್ವರ ಬಂದಾಗ ಒಂದರ ನಂತರ ಒಂದರಂತೆ ಹಲವು ಆಸ್ಪತ್ರೆಗಳಿಗೆ ಹೋದರು. ಅದು ಮೆರ್ಸ್ ರೋಗವೆಂದು ತಿಳಿಯುವಷ್ಟರಲ್ಲಿ ಹರಡಿಯಾಗಿತ್ತು. ಒಟ್ಟು 186 ಜನರಿಗೆ ರೋಗ ತಗಲಿ 38 ಜನ ಮೃತಪಟ್ಟರು. ಒಬ್ಬರ ಪ್ರಯಾಣದ ಬೆಲೆಯನ್ನು ಒಂದು ದೇಶದ ಮಾರುಕಟ್ಟೆ ತೆತ್ತಿತು.

ಇಷ್ಟು ಹೇಳಿದ ಮಾತ್ರಕ್ಕೆ ರೋಗದ ಸುದ್ದಿ ಬಂದೊಡನೆ ಎಲ್ಲ ಪ್ರವಾಸಗಳನ್ನೂ ರದ್ದುಪಡಿಸಬೇಕೆಂಬ ಅರ್ಥವಲ್ಲ. ಕಾರಣವಿಲ್ಲದ ಭೀತಿಯೂ ವ್ಯಾಪಾರಕ್ಕೆ ಶತ್ರುವೇ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗು ಕಾಣಿಸಿಕೊಂಡಾಗ, ಸಾವಿನ ಸಂಖ್ಯೆ ನೂರನ್ನು ಮುಟ್ಟದಿದ್ದರೂ, ಹಲವು ದೇಶಗಳು ಭಾರತಕ್ಕೆ ವಿಮಾನ ನಿಲ್ಲಿಸಿದವು, ಭಾರತದ ಸರಕನ್ನೂ ತಡೆದವು. 2018ರಲ್ಲಿ ಕೇರಳದಲ್ಲಿ ನಿಪಾ ಬಂದಾಗ ಕೊಲ್ಲಿ ರಾಷ್ಟ್ರಗಳು ಅಲ್ಲಿನ ಹಣ್ಣು ತರಕಾರಿಗಳನ್ನು ನಿಷೇಧಿಸಿದವು. ದೂರವಿಡಲ್ಪಟ್ಟವರ ಕಷ್ಟವನ್ನು ಕಂಡಿರುವ ಭಾರತದ ವರ್ತಕರು ಇನ್ನೊಂದು ದೇಶವನ್ನು ಕಣ್ಣುಮುಚ್ಚಿ ದೂರವಿಡುವುದು ಉಚಿತವಲ್ಲ.

ಜೊತೆಗೆ ಎಲ್ಲ ರೋಗಗಳೂ ಒಂದೇ ರೀತಿಯವಲ್ಲ. ಹಳದಿ ಜ್ವರವಿರುವ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ದೇಶಗಳಿಗೆ ಹೋಗುವವರಿಗೆ ಲಸಿಕೆ ಇದೆ. ಹೊರಡುವ ಹತ್ತು ದಿನ ಮೊದಲು ಒಮ್ಮೆ ಹಾಕಿಸಿಕೊಂಡರೆ ಆ ಪ್ರಮಾಣಪತ್ರ ಜೀವನಪರ್ಯಂತ ಸಲ್ಲುತ್ತದೆ. ಅಲ್ಲಿ ಪ್ರವಾಸವನ್ನು ಕೈಬಿಡುವ ಅಗತ್ಯವಿಲ್ಲ, ಸಿದ್ಧತೆ ಸಾಕು. 2016ರ ಝೀಕಾ ರೋಗದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ರೋಗಪೀಡಿತ ಪ್ರದೇಶಗಳಿಗೆ ಹೋಗಬೇಡಿರೆಂದು ಹೇಳಿದ್ದು ಗರ್ಭಿಣಿಯರಿಗೆ. ಅಂದರೆ ಹೋಗುವವರು ಯಾರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಉಸಿರಿನಿಂದ ಹರಡುವ, ಲಸಿಕೆಯಿಲ್ಲದ ಹೊಸ ರೋಗವಾದರೆ ಮಾತ್ರ ಲೆಕ್ಕ ಬೇರೆ. ಸಲಹೆಗಳೂ ಬೇಗ ಬದಲಾಗುತ್ತವೆ. 2003ರ ಸಾರ್ಸ್ ಕಾಲದಲ್ಲಿ ಟೊರಾಂಟೊ ನಗರಕ್ಕೆ ಹೋಗಬೇಡಿರೆಂದು ಏಪ್ರಿಲ್ 23ರಂದು ನೀಡಿದ ಸಲಹೆಯನ್ನು ಏಪ್ರಿಲ್ 30ರಂದೇ ಹಿಂತೆಗೆದುಕೊಳ್ಳಲಾಯಿತು. ಆದುದರಿಂದ ರದ್ದುಪಡಿಸುವುದಕ್ಕಿಂತ ಮುಂದೂಡುವುದಕ್ಕೆ ಅವಕಾಶವಿದ್ದರೆ ಅದೇ ಜಾಣತನ. ಪ್ರವಾಸ ಏರ್ಪಡಿಸುವವರೂ ವರ್ತಕರೇ. ಅವರ ಕಷ್ಟವೂ ಅದರಿಂದ ಕಡಿಮೆಯಾಗುತ್ತದೆ.

ಇನ್ನು ಕಟ್ಟಿದ ಹಣದ ವಿಚಾರ. ಇಬ್ಬರ ಪ್ರವಾಸಕ್ಕೆ 1,20,000 ರೂ. ಕಟ್ಟಿದ್ದು, ರದ್ದು ಮಾಡಿದರೆ 50,000 ರೂ. ಮರಳುತ್ತದೆ ಎಂದು ಭಾವಿಸೋಣ. ಹೋದರೂ ಹೋಗದಿದ್ದರೂ ಉಳಿದ 70,000 ರೂ. ಮರಳಿ ಬರುವಂತಿಲ್ಲ. ಕೈಯಲ್ಲಿ ಉಳಿದಿರುವ ಪ್ರಶ್ನೆ ಇಷ್ಟೇ: ಈ ಸಂದರ್ಭದಲ್ಲಿ ಈ ಪ್ರವಾಸಕ್ಕೆ 50,000 ರೂ. ಹೊಸದಾಗಿ ಕೊಡಬಹುದೇ? ಹಾಳಾದ ದಾಸ್ತಾನನ್ನು ಕೊಂಡ ಬೆಲೆಗೇ ಮಾರುತ್ತೇನೆಂದು ಹಟ ಹಿಡಿಯುವ ವರ್ತಕನಿಲ್ಲ. ಆದರೆ ಟಿಕೆಟ್ಟಿನ ವಿಷಯದಲ್ಲಿ ಅದೇ ವರ್ತಕ ಆ ಹಟ ಹಿಡಿಯುವುದುಂಟು.

ಮರಳಿ ಬರಬೇಕಾದ ಹಣವನ್ನು ಕೇಳಿ ಪಡೆಯುವುದೂ ಮುಖ್ಯ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ 2016ರ ನಿಯಮದಂತೆ ರದ್ದತಿ ಶುಲ್ಕವು ಮೂಲ ದರ ಮತ್ತು ಇಂಧನ ಶುಲ್ಕಗಳ ಮೊತ್ತವನ್ನು ಮೀರುವಂತಿಲ್ಲ. ಶಾಸನಬದ್ಧ ತೆರಿಗೆಗಳು ಮತ್ತು ವಿಮಾನ ನಿಲ್ದಾಣದ ಶುಲ್ಕಗಳನ್ನು ಹಿಂದಿರುಗಿಸಬೇಕು. ವಿದೇಶಿ ವಿಮಾನ ಸಂಸ್ಥೆಗಳಿಗೆ ಅವುಗಳ ದೇಶದ ನಿಯಮ ಅನ್ವಯಿಸುತ್ತದೆ. ಲಾಕ್‌ಡೌನ್ ಕಾಲದ ಟಿಕೆಟ್‌ಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2020ರ ಅಕ್ಟೋಬರ್ 1ರಂದು ಹಣ ಹಿಂದಿರುಗಿಸಲು ಆದೇಶಿಸಿತು. ಹಣಕಾಸಿನ ಅಡಚಣೆಯಿರುವ ಸಂಸ್ಥೆಗಳಿಗೆ 2021ರ ಮಾರ್ಚ್ 31ರವರೆಗೆ ಬಳಸಬಹುದಾದ ಜಮೆಯ ರೂಪದಲ್ಲಿ ಅದನ್ನು ನೀಡಲು ಅವಕಾಶ ಕೊಟ್ಟಿತು. ಆದರೆ ಆ ಆದೇಶ ಆ ಅವಧಿಗೆ ಸೀಮಿತ. ಪ್ರಯಾಣಿಕನು ತಾನಾಗಿ ಹೆದರಿ ರದ್ದುಪಡಿಸಿದರೆ ಅಂತಹ ರಕ್ಷಣೆ ಸಿಗುತ್ತದೆಂದು ನಂಬುವಂತಿಲ್ಲ. ಪ್ರವಾಸ ವಿಮೆಯೂ ಸಾಮಾನ್ಯವಾಗಿ ಪಾಲಿಸಿಯಲ್ಲಿ ಹೆಸರಿಸಿದ ಕಾರಣಗಳಿಗೆ ಮಾತ್ರ ಹಣ ಕೊಡುತ್ತದೆ; ಭಯ ಅವುಗಳಲ್ಲಿ ಸೇರಿರುವುದಿಲ್ಲ. ಆದ್ದರಿಂದ ಹಣ ಕಟ್ಟುವ ದಿನವೇ ಯಾವ ತಾರೀಖಿನವರೆಗೆ ರದ್ದುಪಡಿಸಿದರೆ ಎಷ್ಟು ಮರಳುತ್ತದೆಂಬುದನ್ನು ಬರಹದಲ್ಲಿ ಪಡೆದಿಟ್ಟುಕೊಂಡು, ಆ ತಾರೀಖನ್ನೇ ನಿರ್ಧಾರದ ದಿನವೆಂದು ಗುರುತಿಸಿಕೊಳ್ಳಬೇಕು.

ಕಂಪನಿಯ ಖರ್ಚಿನ ಪ್ರವಾಸದಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಡೀಲರಿಗೆ ಹೋಗುವುದು ಹಣವಲ್ಲ, ಮುಲಾಜು. ‘ಬರುವುದಿಲ್ಲ ಎಂದರೆ ಮುಂದಿನ ವರ್ಷ ಸರಕು ಸರಿಯಾಗಿ ಕೊಟ್ಟಾರೇ, ಬೇರೆಯವರು ಹೋಗುತ್ತಿರುವಾಗ ತಾನೊಬ್ಬನೇ ಹಿಂದೆ ಸರಿದರೆ ಹೇಗೆ’ ಎಂಬ ಅಳುಕು ಅವನನ್ನು ವಿಮಾನ ಹತ್ತಿಸುತ್ತದೆ. ಈ ಅಳುಕನ್ನು ತೆಗೆಯುವ ಹೊಣೆ ಕಂಪನಿಗಳದು. ರೋಗದ ಕಾಲದಲ್ಲಿ ಪ್ರವಾಸಕ್ಕೆ ಒಪ್ಪದ ಡೀಲರಿಗೆ ಸಮಾನ ಮೊತ್ತದ ಕ್ರೆಡಿಟ್ ನೋಟು ಅಥವಾ ಮುಂದಿನ ವರ್ಷದ ಪ್ರವಾಸ ದೊರೆಯುತ್ತದೆಂದು ಯೋಜನೆಯ ಷರತ್ತಿನಲ್ಲಿಯೇ ಬರೆದರೆ ಸಾಕು. ಗುರಿ ಮುಟ್ಟಿದವನಿಗೆ ಬಹುಮಾನ ಹಕ್ಕೇ ಹೊರತು ಹಂಗಲ್ಲ. ಒಬ್ಬೊಬ್ಬ ಡೀಲರು ಕೇಳಿದರೆ ಸಿಗದ ಈ ಷರತ್ತನ್ನು ವಾಣಿಜ್ಯ ಸಂಸ್ಥೆಗಳು ಒಟ್ಟಾಗಿ ಕೇಳಿದರೆ ಪಡೆಯಬಹುದು.

ಎಲ್ಲವನ್ನೂ ತೂಗಿದ ಮೇಲೆ ಹೋಗಿಬಂದವರು ವಿಮಾನ ನಿಲ್ದಾಣದಲ್ಲಿ ಕೇಳಿದ ವಿವರವನ್ನು ಮರೆಮಾಚದೆ ಹೇಳಬೇಕು. ಊರಿನವರೂ ಅವರನ್ನು ಕಳ್ಳರಂತೆ ಕಾಣಬಾರದು. ಹೇಳಿದವರನ್ನು ಬಹಿಷ್ಕರಿಸಿದರೆ ಮುಂದಿನವರು ಹೇಳುವುದಿಲ್ಲ. ಹಿಂದೆ ಪ್ಲೇಗು ಬಂದಾಗ ಹಳ್ಳಿಯ ಜನ ಊರು ತೆರವು ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಕಾಯುತ್ತಿದ್ದರು. ಕಾಯುವುದನ್ನು ಅವರು ನಷ್ಟವೆಂದು ಬಗೆದಿರಲಿಲ್ಲ, ಊರನ್ನು ಉಳಿಸಿಕೊಳ್ಳುವ ದಾರಿ ಎಂದು ತಿಳಿದಿದ್ದರು.

ತಿರುಮಣಿಯ ಡೀಲರಿಗೆ ಹೇಳಬೇಕಾದ ಮಾತು ಇಷ್ಟು. ಮರಳುವ ದಾರಿ ತೆರೆದಿರುತ್ತದೆಂಬ ಭರವಸೆಯಿದ್ದು, ಬಂದ ಮೇಲೆ ಎರಡು ವಾರ ತಾಯಿಯಿಂದಲೂ ಗಲ್ಲಾಪೆಟ್ಟಿಗೆಯಿಂದಲೂ ದೂರವಿರಲು ಅನುಕೂಲವಿದ್ದರೆ ಅವರು ಧಾರಾಳವಾಗಿ ಹೋಗಿಬರಲಿ. ಇವೆರಡರಲ್ಲಿ ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಆ ವರ್ಷ ಮನೆಯಲ್ಲಿ ಉಳಿಯಲಿ. ಬ್ಯಾಂಕಾಕ್ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಹಮಾಲಿಗಳ ಕೂಲಿ, ತಾಯಿಯ ಆರೋಗ್ಯ, ಹತ್ತು ಹಳ್ಳಿಗಳ ಗಿರಾಕಿಗಳ ನಂಬಿಕೆ ಇವು ಒಮ್ಮೆ ಕೈತಪ್ಪಿದರೆ ಯಾವ ಕಂಪನಿಯೂ ಬಹುಮಾನವಾಗಿ ಮರಳಿ ಕೊಡಲಾರದು.