ರಗ್ಬಿ ಲೀಗ್ ಬಂತು, ಹಳ್ಳಿ ಹುಡುಗರಿಗೆ ದಾರಿ ಎಲ್ಲಿದೆ? ಹರಾಜಿನ ದುಡ್ಡಿಗಿಂತ ಸರ್ಟಿಫಿಕೇಟೇ ಗಟ್ಟಿ

ತಾಯಲೂರು: ಪ್ರೊ ಕಬಡ್ಡಿ ಹರಾಜು ನಡೆದಾಗಲೆಲ್ಲ ಹಳ್ಳಿ ಕಡೆ ಒಂದೇ ಮಾತು, ಯಾರಿಗೆ ಎಷ್ಟು ಬಿತ್ತು ಅಂತ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್‌ಗೆ ತೆಲುಗು ಟೈಟಾನ್ಸ್ ತಂಡ ಕೊಟ್ಟದ್ದು 2 ಕೋಟಿ 60 ಲಕ್ಷಕ್ಕೂ ಹೆಚ್ಚು. ಈಗ ಆ ಸಾಲಿಗೆ ರಗ್ಬಿಯೂ ಬಂದಿದೆ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಆರು ತಂಡಗಳಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಕೂಡ ಒಂದು. ಕಪ್ ಗೆದ್ದದ್ದು ಚೆನ್ನೈ ಬುಲ್ಸ್.

ಹಾಗಾದ್ರೆ ತಾಯಲೂರು ಹೋಬಳಿಯ ಹೈಸ್ಕೂಲ್ ಹುಡುಗ ಆ ಲೀಗ್‌ವರೆಗೂ ಹೋಗಬಹುದಾ? ಹೋಗಬಹುದು. ಆದ್ರೆ ದಾರಿ ಎಲ್ಲಿಂದ ಶುರು, ಮಧ್ಯೆ ಎಲ್ಲಿ ಕಡಿದುಹೋಗುತ್ತೆ ಅಂತ ಮನೆಯವರು ಮೊದಲೇ ತಿಳಿದಿರಬೇಕು.

ಲೆಕ್ಕ ಹಾಕಿ ನೋಡಿ

ಮೊದಲ ಸೀಸನ್‌ನಲ್ಲಿ ಒಂದೊಂದು ತಂಡಕ್ಕೆ 13 ಆಟಗಾರರು. ಅದರಲ್ಲಿ ಭಾರತದವರು 5 ಜನ ಮಾತ್ರ, ಉಳಿದವರೆಲ್ಲ ಹೊರದೇಶದವರು. ಅಂದ್ರೆ ಇಡೀ ದೇಶಕ್ಕೆ ಸಿಕ್ಕ ಜಾಗ 30. ಹರಾಜಿನಲ್ಲಿ ಭಾರತದವರ ಪೈಕಿ ಅತಿ ಹೆಚ್ಚು ಬೆಲೆ ಸಿಕ್ಕಿದ್ದು ಮೋಹಿತ್ ಖತ್ರಿಗೆ, ಬೆಂಗಳೂರು ತಂಡದಿಂದ 4 ಲಕ್ಷದ 75 ಸಾವಿರ. ಟೂರ್ನಿ ನಡೆದದ್ದು ಸುಮಾರು ಎರಡು ವಾರ. ಆ ಸೀಸನ್ ಗಂಡಸರದ್ದು ಮಾತ್ರ, ಹೆಣ್ಣುಮಕ್ಕಳಿಗೆ ಲೀಗ್ ಇರಲಿಲ್ಲ.

ಎರಡು ವಾರಕ್ಕೆ ಇದು ಒಳ್ಳೆ ದುಡ್ಡೇ. ಆದ್ರೆ ಇದನ್ನೇ ನಂಬಿ ಸಂಸಾರ ನಡೆಸೋಕೆ ಆಗಲ್ಲ. ಮಂಡಿಯಲ್ಲಿ ಟೊಮೆಟೊ ರೇಟು ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಒಂದು ದಿನದ ಮೇಲಿನ ರೇಟು ಪೇಪರಿನಲ್ಲಿ ಬರುತ್ತೆ, ವರ್ಷವಿಡೀ ಬೆಳೆದವನ ಲೆಕ್ಕ ಬೇರೆ ಇರುತ್ತೆ.

ನಿಜವಾದ ಆಧಾರ ಕೆಲಸ. ಕೋಟಿಗಟ್ಟಲೆ ಪಡೆದ ಪವನ್ ಸೆಹ್ರಾವತ್ ಕೂಡ ರೈಲ್ವೇಸ್ ತಂಡದ ಆಟಗಾರ. ನಮ್ಮ ರಾಜ್ಯದ ಉದಾಹರಣೆ ಬೇಕಂದ್ರೆ ಕಾರ್ಕಳ ತಾಲೂಕು ಹೆರ್ಮುಂಡೆಯ ಮಮತಾ ಪೂಜಾರಿ ಇದ್ದಾರೆ. ಹಳ್ಳಿಯಿಂದ ಬಂದ ಅವರು ದಕ್ಷಿಣ ಮಧ್ಯ ರೈಲ್ವೆಯಲ್ಲಿ ಕೆಲಸ ಹಿಡಿದು, 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ಕಬಡ್ಡಿ ತಂಡದಲ್ಲಿದ್ದರು. 2014ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು. ಅವರ ಕೈ ಹಿಡಿದದ್ದು ಇಲಾಖೆಯ ಸಂಬಳ.

ರಗ್ಬಿಗೂ ಈ ಬಾಗಿಲು ತೆರೆದಿದೆ. 2020ರಲ್ಲಿ ಕೇಂದ್ರ ಸರ್ಕಾರ ಕ್ರೀಡಾ ಕೋಟಾದ ಪಟ್ಟಿಯನ್ನು 43 ಆಟಗಳಿಂದ 63ಕ್ಕೆ ಏರಿಸಿತು. ಹೊಸದಾಗಿ ಸೇರಿದ 20ರಲ್ಲಿ ರಗ್ಬಿಯೂ ಇದೆ. ಲೀಗ್ ಸುದ್ದಿಗೆ ಸಿಕ್ಕಷ್ಟು ಪ್ರಚಾರ ಇದಕ್ಕೆ ಸಿಗಲಿಲ್ಲ, ಆದ್ರೆ ಹಳ್ಳಿ ಮಕ್ಕಳಿಗೆ ಹೆಚ್ಚು ಉಪಯೋಗ ಇದರಿಂದಲೇ.

ಬಿಹಾರ, ಒಡಿಶಾ ಹೇಗೆ ಮುಂದೆ ಹೋದವು?

ರಗ್ಬಿ ದೊಡ್ಡ ಊರಿನವರ ಆಟ ಅನ್ನೋ ಮಾತನ್ನು ಎರಡು ರಾಜ್ಯ ಸುಳ್ಳು ಮಾಡಿವೆ. ಭುವನೇಶ್ವರದ ಕಳಿಂಗ ಸಮಾಜ ವಿಜ್ಞಾನ ಸಂಸ್ಥೆ ಆದಿವಾಸಿ ಮಕ್ಕಳಿಗೆ ಊಟ, ವಸತಿ, ಓದು ಕೊಟ್ಟು ರಗ್ಬಿ ಕಲಿಸಿತು. ಅಲ್ಲಿನ ಹುಡುಗರು 2007ರಲ್ಲಿ ಲಂಡನ್‌ನಲ್ಲಿ 14 ವರ್ಷದೊಳಗಿನವರ ಟೂರ್ನಿ ಗೆದ್ದರು. ಅಲ್ಲೇ ಬೆಳೆದ ಜಾಜ್‌ಪುರ ಜಿಲ್ಲೆಯ ಸುಮಿತ್ರಾ ನಾಯಕ್ 2019ರಲ್ಲಿ ಸಿಂಗಪುರದ ವಿರುದ್ಧ ಕೊನೆ ನಿಮಿಷಗಳಲ್ಲಿ ಹೊಡೆದ ಪೆನಾಲ್ಟಿ ಕಿಕ್‌ನಿಂದ ಭಾರತ ಮಹಿಳಾ ತಂಡ 21-19ರಲ್ಲಿ ಗೆದ್ದಿತು. ಹದಿನೈದು ಜನರ ರಗ್ಬಿಯಲ್ಲಿ ಅದು ನಮ್ಮ ಮಹಿಳಾ ತಂಡದ ಮೊದಲ ಅಂತರರಾಷ್ಟ್ರೀಯ ಗೆಲುವು.

ಬಿಹಾರದ ನಲಂದಾ ಜಿಲ್ಲೆಯ ಶ್ವೇತಾ ಶಾಹಿ ರೈತರ ಮನೆ ಮಗಳು. ಮೊದಲು ಓಟಗಾರ್ತಿ. ಯೂಟ್ಯೂಬ್ ನೋಡಿ ರಗ್ಬಿ ಕಲಿತು ಭಾರತ ತಂಡಕ್ಕೆ ಬಂದರು. ಅದೇ ಜಿಲ್ಲೆಯ ರಾಜಗೀರ್ ಊರಿನಲ್ಲಿ 2025ರ ಆಗಸ್ಟ್‌ನಲ್ಲಿ ಏಷ್ಯಾದ 20 ವರ್ಷದೊಳಗಿನವರ ರಗ್ಬಿ ಟೂರ್ನಿಯೇ ನಡೆಯಿತು. ಪದಕ ತಂದವರಿಗೆ ಸರ್ಕಾರಿ ನೌಕರಿ ಕೊಡುವ ಯೋಜನೆಯೂ ಬಿಹಾರದಲ್ಲಿದೆ. ಎರಡೂ ಕಡೆ ನಡೆದದ್ದು ಇಷ್ಟೇ: ಮಕ್ಕಳಿಗೆ ಆಟ, ಓದು, ಕೆಲಸ ಮೂರೂ ಒಂದೇ ದಾರಿಯಲ್ಲಿ ಸಿಕ್ಕಿತು.

ಯಾವ ಸರ್ಟಿಫಿಕೇಟು ನಡೆಯುತ್ತೆ?

ಬಹಳ ಮನೆಗಳಲ್ಲಿ ತಪ್ಪಾಗೋದು ಇಲ್ಲೇ. ಹೋಬಳಿ, ತಾಲೂಕು ಮಟ್ಟದಲ್ಲಿ ಗೆದ್ದ ಸರ್ಟಿಫಿಕೇಟು ಗೋಡೆಗೆ ಚೆಂದ, ಕೇಂದ್ರದ ಕ್ರೀಡಾ ಕೋಟಾಕ್ಕೆ ಸಾಲದು. ಅಲ್ಲಿ ಲೆಕ್ಕಕ್ಕೆ ಬರೋದು ರಾಜ್ಯ ಅಥವಾ ದೇಶದ ತಂಡದಲ್ಲಿ ಆಡಿರಬೇಕು, ಇಲ್ಲಾಂದ್ರೆ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ವಿ.ವಿ. ತಂಡಕ್ಕೆ ಆಡಿರಬೇಕು, ಅಥವಾ ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ರಾಜ್ಯದ ಶಾಲಾ ತಂಡದಲ್ಲಿ ಇರಬೇಕು.

ಆದ್ದರಿಂದ ಆಟಕ್ಕೋಸ್ಕರ ಓದು ಬಿಟ್ಟ ಹುಡುಗ ಎರಡು ಮೆಟ್ಟಿಲು ಒಟ್ಟಿಗೆ ಕಳ್ಕೋತಾನೆ. ಪಿಯುಸಿಗೇ ನಿಲ್ಲಿಸಿದರೆ ವಿ.ವಿ. ತಂಡದ ಬಾಗಿಲು ಮುಚ್ಚುತ್ತೆ, ಪದವಿ ಕೇಳುವ ಹುದ್ದೆಗೂ ಅರ್ಜಿ ಹಾಕೋಕಾಗಲ್ಲ. ಜಿಲ್ಲೆಯ ಡಿಗ್ರಿ ಕಾಲೇಜುಗಳು ಸೇರಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದಲ್ಲೇ ಇದೆ. ಅಡ್ಮಿಷನ್ ಮಾಡಿಸುವಾಗಲೇ ಯಾವ ಯಾವ ಆಟಕ್ಕೆ ತಂಡ ಕಟ್ಟುತ್ತಾರೆ ಅಂತ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕೇಳೋದು ಒಳ್ಳೇದು.

ಇಲ್ಲಿ ಏನು ಮಾಡಬಹುದು?

ಒಲಿಂಪಿಕ್ಸ್‌ನಲ್ಲಿ 2016ರಿಂದ ಇರುವುದು ಏಳು ಜನರ ರಗ್ಬಿ. ಏಳೇಳು ನಿಮಿಷದ ಎರಡು ಅವಧಿ. ಮೊಟ್ಟೆ ಆಕಾರದ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಹಿಂದಕ್ಕೋ ಪಕ್ಕಕ್ಕೋ ಕೊಡಬೇಕು. ಮುಂದೆ ಹೋಗಬೇಕಂದ್ರೆ ಓಡಬೇಕು, ಇಲ್ಲ ಒದೀಬೇಕು. ಎದುರಾಳಿಯ ಗೆರೆ ದಾಟಿ ಚೆಂಡು ನೆಲಕ್ಕೆ ಮುಟ್ಟಿಸಿದರೆ ಐದು ಪಾಯಿಂಟ್. ರೈಡಿಂಗ್‌ನಲ್ಲಿ ತಪ್ಪಿಸಿಕೊಳ್ಳುವ ಕಾಲು, ಸೊಂಟ ಹಿಡಿದು ಕೆಡಹುವ ಕೈ, ಎರಡೂ ಕಬಡ್ಡಿ ಹುಡುಗರಿಗೆ ಮೊದಲೇ ಇರುತ್ತೆ.

ಅಪಾಯವೂ ಇದೆ. ತಪ್ಪಾಗಿ ಬಿದ್ದರೆ ತಲೆಗೆ, ಕುತ್ತಿಗೆಗೆ ಪೆಟ್ಟು. ತಲೆಗೆ ಏಟು ಬಿದ್ದ ಅನುಮಾನ ಬಂದರೂ ಆ ಹುಡುಗನನ್ನು ಆವತ್ತು ಮತ್ತೆ ಆಡಿಸಬಾರದು. ಚಿಕ್ಕ ಮಕ್ಕಳಿಗೆ ಕೆಡಹುವ ಆಟ ಬೇಡ, ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಎಳೆದರೆ ಹಿಡಿದಂತೆ ಅನ್ನೋ ಟ್ಯಾಗ್ ರಗ್ಬಿ ಇದೆ. ಬೀಳೋದು, ಹಿಡಿಯೋದು ಕಲಿತ ಕೋಚ್ ಬಂದಮೇಲೆಯೇ ಪೂರ್ತಿ ಆಟ.

ಊರ ಟೂರ್ನಮೆಂಟಿಗೆ ಅಂಗಡಿಯವರು ಕೊಡುವ ಚಂದಾ ಹೆಚ್ಚಾಗಿ ಹೋಗೋದು ಕಪ್, ಲೈಟು, ಬ್ಯಾನರಿಗೆ. ಅದೇ ದುಡ್ಡಿನಲ್ಲಿ ಸ್ವಲ್ಪ ಭಾಗ ನಾಲ್ಕು ಚೆಂಡಿಗೆ, ದೈಹಿಕ ಶಿಕ್ಷಕರೊಬ್ಬರ ತರಬೇತಿ ಖರ್ಚಿಗೆ, ಆಯ್ಕೆ ಟ್ರಯಲ್ಸ್‌ಗೆ ಹೋಗುವ ಮಕ್ಕಳ ಬಸ್ ಚಾರ್ಜಿಗೆ ಇಟ್ಟರೆ ಅದು ವರ್ಷವಿಡೀ ಕೆಲಸ ಮಾಡುತ್ತೆ. ಬಹಳ ಹುಡುಗರು ಹಿಂದೆ ಬೀಳೋದು ಕಾಲಲ್ಲಿ ಬಲ ಇಲ್ಲದೆ ಅಲ್ಲ, ಟ್ರಯಲ್ಸ್ ಯಾವತ್ತು ಅಂತ ಗೊತ್ತಾಗದೆ, ಗೊತ್ತಾದರೂ ಹೋಗೋಕೆ ಕೈಯಲ್ಲಿ ಕಾಸಿಲ್ಲದೆ.

ರಗ್ಬಿ ಹೊಸ ಆಟ ಆಗಿರೋದೇ ಈಗಿನ ಅನುಕೂಲ. ಕ್ರಿಕೆಟ್‌ನಷ್ಟು ನೂಕುನುಗ್ಗಲು ಇಲ್ಲಿ ಇನ್ನೂ ಇಲ್ಲ. ಲೀಗ್‌ನ 30 ಜಾಗ ಯಾರ ಪಾಲಿಗೋ ಏನೋ, ರಾಜ್ಯ ತಂಡ ಮತ್ತು ವಿ.ವಿ. ತಂಡದ ಜಾಗ ಮಾತ್ರ ಈ ಹೋಬಳಿಯ ಮಕ್ಕಳ ಕೈಗೆ ಎಟುಕುವಂಥದ್ದು.