ಶಾಂತ ದ್ವೀಪಕ್ಕೆ ಕಟ್ಟಿದ ಬೆಲೆ

ಸದ್ದಿಲ್ಲದ ದ್ವೀಪ, ಬಿಳಿ ಮರಳು, ತೆಂಗಿನ ನೆರಳಿನಲ್ಲಿ ಬೆರಳೆಣಿಕೆಯ ಕುಟೀರಗಳು, ಕೈಕಟ್ಟಿ ನಿಂತ ಆಳುಕಾಳು. ಸ್ಥಿತಿವಂತರ ರಜಾದಿನಗಳಿಗಾಗಿ ಅಚ್ಚಾಗುವ ಬಣ್ಣದ ಪತ್ರಿಕೆಗಳಲ್ಲಿ ಈ ಚಿತ್ರಕ್ಕೆ ಇರುವ ಗಿರಾಕಿ ಇಂದು ಬೇರೆ ಯಾವುದಕ್ಕೂ ಇಲ್ಲ. ಇದಕ್ಕೆ ಅವರಿಟ್ಟ ಹೆಸರು ಬೂಟಿಕ್ ರಿಸಾರ್ಟು. ಹೆಸರಿನ ಅರ್ಥ ಇಷ್ಟೆ: ಅದು ಸಣ್ಣದು, ಆದರೆ ಸಣ್ಣವರಿಗಲ್ಲ.

2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಲಕ್ಷದ್ವೀಪಕ್ಕೆ ಹೋಗಿ, ಅಲ್ಲಿನ ಕಡಲಲ್ಲಿ ಮುಳುಗಿ ಎದ್ದ ಚಿತ್ರಗಳು ಪ್ರಕಟವಾದ ಮೇಲೆ ಈ ಗಿರಾಕಿ ದೇಶಭಕ್ತಿಯ ವೇಷವನ್ನೂ ತೊಟ್ಟಿತು. ಮಾಲ್ದೀವಿಗೆ ಹೋಗುವವನು ದೇಶದ್ರೋಹಿ, ಲಕ್ಷದ್ವೀಪಕ್ಕೆ ಹೋಗುವವನು ದೇಶಪ್ರೇಮಿ ಎಂಬಂತೆ ಮಾತು ಹೊರಟಿತು. ಒಂದು ರಾತ್ರಿಯ ಬಾಡಿಗೆಗೆ ನಮ್ಮ ಗಿರಣಿಯ ಕಾರ್ಮಿಕನ ತಿಂಗಳ ಸಂಬಳವನ್ನು ಸುರಿಯಬಲ್ಲವರ ನಡುವಿನ ಈ ಜಗಳದಲ್ಲಿ ಆ ದ್ವೀಪಗಳ ಜನ ಏನೆನ್ನುತ್ತಾರೆಂದು ಕೇಳಿದವರು ಕೆಲವರೇ.

ಇದು ನಮಗೇಕೆ ಎಂದು ಓದುಗರು ಕೇಳಬಹುದು. ಹಳೆಯ ಸಂಬಂಧವೊಂದನ್ನು ಜ್ಞಾಪಿಸುತ್ತೇವೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿನ ಜನರ ಅಹವಾಲು ಮಂಗಳೂರಿನ ಕಲೆಕ್ಟರ ಕಚೇರಿಗೆ ಬರುತ್ತಿತ್ತು. ಅವರ ಹಾಯಿಹಡಗು ಬಂದರಿನ ಧಕ್ಕೆಗೆ ಬರುತ್ತಿತ್ತು. ಕತ್ತದ ಹುರಿ, ಕೊಬ್ಬರಿ, ಒಣಮೀನು ಇಳಿಸಿ ಅಕ್ಕಿ ಹೇರಿಕೊಂಡು ಹೋಗುತ್ತಿತ್ತು. ಇಂದಿಗೂ ಹಳೆ ಬಂದರಿನಿಂದ ಅಕ್ಕಿ, ನೀರುಳ್ಳಿ, ತರಕಾರಿ, ಸಿಮೆಂಟು, ಜಲ್ಲಿ ತುಂಬಿದ ಮಂಜಿಗಳು ಅತ್ತ ಹೊರಡುತ್ತವೆ. ಅವನ್ನು ಹೊರುವ ಕೂಲಿಕಾರರೂ, ತುಂಬಿಸಿ ಕಳಿಸುವ ಸಣ್ಣ ವ್ಯಾಪಾರಿಗಳೂ ನಮ್ಮವರೇ. ಆದುದರಿಂದ ಅದು ನೆರೆಮನೆಯ ಮಾತು.

ಆ ಸಂಬಂಧವೇನೂ ಜೇನು-ಹಾಲಿನದಾಗಿರಲಿಲ್ಲ. 1780ರ ದಶಕದಲ್ಲಿ ಈ ದ್ವೀಪದವರು ಕಣ್ಣಾನೂರಿನ ಅರಸುಮನೆತನದ ಕಾಟ ತಾಳದೆ ಟೀಪೂ ಸುಲ್ತಾನನ ಆಶ್ರಯ ಕೇಳಿದರು. 1799ರಲ್ಲಿ ಟೀಪೂ ಬಿದ್ದ ಮೇಲೆ ಕಂಪೆನಿ ಸರಕಾರ ಬಂತು. ದ್ವೀಪದ ಹೆಂಗಸರು ತಿಂಗಳುಗಟ್ಟಲೆ ತೆಂಗಿನ ಸಿಪ್ಪೆ ಕೊಳೆಹಾಕಿ, ಬಡಿದು, ಹೊಸೆದ ಹುರಿಯನ್ನು ಸರಕಾರದ ಉಗ್ರಾಣಕ್ಕೇ ಕೊಡಬೇಕು, ಬೇರೆಯವರಿಗೆ ಮಾರುವಂತಿಲ್ಲ. ಬೆಲೆ ಕಟ್ಟುವುದು ಸರಕಾರ, ಬೆಲೆಯ ಬದಲು ಅಕ್ಕಿ ಅಳೆಯುವುದೂ ಸರಕಾರ. ದುಡಿದವನ ಕೈಯಲ್ಲಿ ತಕ್ಕಡಿ ಇರಲಿಲ್ಲ. ಇವತ್ತು ಆ ದ್ವೀಪಗಳಲ್ಲಿ ಮಾರಾಟಕ್ಕೆ ಇಟ್ಟಿರುವುದು ಮರಳು, ನೀರು, ನಿಶ್ಶಬ್ದ. ತಕ್ಕಡಿ ಇಂದು ಯಾರ ಕೈಯಲ್ಲಿದೆ ಎಂಬುದೇ ನಮ್ಮ ಪ್ರಶ್ನೆ.

ಲಕ್ಷದ್ವೀಪವೆಂದರೆ ಎಷ್ಟು ನೆಲ? ಮೂವತ್ತಾರು ದ್ವೀಪಗಳನ್ನೆಲ್ಲ ಒಟ್ಟು ಸೇರಿಸಿದರೂ 32 ಚದರ ಕಿಲೋಮೀಟರು. 2011ರ ಜನಗಣತಿಯಂತೆ ಜನ 64 ಸಾವಿರಕ್ಕೂ ಮೇಲೆ. ಹೆಚ್ಚುಕಡಿಮೆ ಎಲ್ಲರೂ ಪರಿಶಿಷ್ಟ ಪಂಗಡದವರು. ಅವರಿಗೆ ವಿಧಾನಸಭೆ ಇಲ್ಲ. ಪಾರ್ಲಿಮೆಂಟಿನಲ್ಲಿ ಒಬ್ಬ ಸದಸ್ಯ. ಮೇಲೆ ದಿಲ್ಲಿಯಿಂದ ನೇಮಕವಾಗಿ ಬರುವ ಆಡಳಿತಾಧಿಕಾರಿ. ಹೊರಗಿನವರು ಬಂದು ನೆಲ ಕಬಳಿಸಬಾರದೆಂದು 1967ರಲ್ಲಿ ಪ್ರವೇಶಕ್ಕೆ ಪರವಾನಗಿ ಬೇಕೆಂಬ ನಿಯಮವಾಯಿತು.

ಇಂಥಲ್ಲಿ ಶಾಂತ ದ್ವೀಪದ ಮೊದಲ ಪ್ರಯೋಗ ನಡೆದುದು ಅಗತ್ತಿಯ ಹತ್ತಿರದ ಬಂಗಾರಮ್ಮಿನಲ್ಲಿ. ಅದು ಜನವಸತಿಯಿಲ್ಲದ ತೆಂಗಿನ ದ್ವೀಪ. 1988ರಲ್ಲಿ ಅಗತ್ತಿಗೆ ವಿಮಾನ ನಿಲ್ದಾಣ ಬಂತು. ಆ ದಶಕದ ಕೊನೆಯ ಹೊತ್ತಿಗೆ ಬಂಗಾರಮ್ಮಿನಲ್ಲಿ ಕುಟೀರಗಳು ಎದ್ದವು. ಇಡೀ ಲಕ್ಷದ್ವೀಪದಲ್ಲಿ ಪಾನನಿರೋಧ, ಬಂಗಾರಮ್ಮಿನಲ್ಲಿ ಮಾತ್ರ ಮದ್ಯಕ್ಕೆ ಅನುಮತಿ. ವಿದೇಶಿಯರಿಗೂ ಬಹುಕಾಲ ತೆರೆದ ಬಾಗಿಲು ಅದೇ. ಕುಟೀರಗಳು ಹುಲ್ಲು ಹೊದಿಸಿದ ಸಣ್ಣವೇ ಇದ್ದವು, ಗದ್ದಲವೂ ಇರಲಿಲ್ಲ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂದು ಪಾಠ ಆಗಲೇ ಕಲಿಸಿಯಾಗಿತ್ತು: ಊರಿಗೊಂದು ಕಾನೂನು, ಹಣ ಕೊಡುವ ಅತಿಥಿಗೊಂದು ಕಾನೂನು.

ಈಗ ಆ ಸಣ್ಣದು ಬೆಳೆಯುತ್ತಿದೆ. 2021ರಲ್ಲಿ ಮಿನಿಕಾಯ್, ಸುಹೇಲಿ, ಕಡಮತ್ ಮೂರು ಕಡೆ ಸೇರಿ 370 ವಿಲ್ಲಾಗಳಿಗೆ, ಸುಮಾರು 800 ಕೋಟಿ ರೂಪಾಯಿಯ ಯೋಜನೆಗೆ ಟೆಂಡರು ಕರೆದರು. 2023ರ ಜನವರಿಯಲ್ಲಿ ದೇಶದ ಅತಿ ದೊಡ್ಡ ಹೋಟೆಲು ಕಂಪೆನಿಗಳಲ್ಲೊಂದು ಸುಹೇಲಿಯಲ್ಲಿ 110, ಕಡಮತ್‌ನಲ್ಲಿ 110 ಕೋಣೆಗಳನ್ನು ಕಟ್ಟುವುದಾಗಿ ಸಾರಿತು. ಸುಹೇಲಿಯಲ್ಲಿ 50, ಕಡಮತ್‌ನಲ್ಲಿ 35 ಕೋಣೆಗಳು ನೆಲದ ಮೇಲಲ್ಲ, ಕಂಬ ಊರಿ ನೀರಿನ ಮೇಲೆ. ಕಡಮತ್ ಎಂದರೆ ಮೂರು ಚದರ ಕಿಲೋಮೀಟರಿಗಿಂತ ತುಸು ಹೆಚ್ಚಿನ, ಕೆಲವೆಡೆ ನಡೆದು ಐದು ನಿಮಿಷದಲ್ಲಿ ಈ ಕಡಲಿನಿಂದ ಆ ಕಡಲಿಗೆ ಮುಟ್ಟುವಂಥ ಪಟ್ಟಿ. ಅದರ ಮೇಲೆ ಐದು ಸಾವಿರಕ್ಕೂ ಮೀರಿದ ಜನ.

ನೀರಿನ ಮೇಲೆ ತಾನೇ, ಅಲ್ಲಿ ಯಾರ ಮನೆಯಿದೆ ಎಂದು ಕೇಳುವ ಜಾಣರಿದ್ದಾರೆ. ಹವಳದ ಗೋಡೆಯ ಒಳಗಿನ ಆ ತಿಳಿನೀರಿನ ಕೊಳವೇ ಬೆಸ್ತರ ಗದ್ದೆ. ಲಕ್ಷದ್ವೀಪದ ಮುಖ್ಯ ಸಂಪತ್ತು ಸೂರೆಮೀನು. ಅದನ್ನು ಅವರು ಬಲೆ ಎಳೆದು ಬಾಚುವುದಿಲ್ಲ. ಗಾಳಕೋಲಿನಿಂದ ಒಂದೊಂದಾಗಿ ಎತ್ತುತ್ತಾರೆ. ಅದಕ್ಕೆ ಮೊದಲು ಒಳಗಿನ ಕೊಳದಲ್ಲಿ, ಹವಳದ ಸಂದಿಯಲ್ಲಿ ವಾಸಿಸುವ ಬೆರಳುದ್ದದ ಮೀನನ್ನು ಜೀವಂತ ಹಿಡಿದು, ದೋಣಿಯೊಳಗಿನ ನೀರಿನಲ್ಲಿ ಸಾಕಿಕೊಂಡು ಹೊರಗಡಲಿಗೆ ಒಯ್ಯಬೇಕು. ಅಲ್ಲಿ ಅದನ್ನು ಎರಚಿದರೆ ಸೂರೆಮೀನಿನ ಹಿಂಡು ಮೇಲೆ ಬರುತ್ತದೆ. ಎರೆ ಇಲ್ಲದಿದ್ದರೆ ಸೂರೆ ಇಲ್ಲ. ಕೊಳ ಕೆಟ್ಟರೆ ಎರೆ ಇಲ್ಲ. ಆ ಕೊಳದಲ್ಲಿ ಯಂತ್ರ ತಂದು ಕಂಬ ಹೊಡೆದು, ಮರಳು ಕೆದಕಿ, ಅತಿಥಿಗಳ ದೋಣಿಗೆ ದಾರಿ ತೋಡಿದರೆ ಮೊದಲು ಹಸಿವಾಗುವುದು ಬೆಸ್ತನ ಮನೆಯಲ್ಲಿ. ಸುಹೇಲಿಯನ್ನು ಕಾಗದದ ಮೇಲೆ ನಿರ್ಜನ ದ್ವೀಪವೆಂದು ಬರೆದಿದ್ದಾರೆ. ಕವರತ್ತಿಯ ಬೆಸ್ತರು ಋತುವಿನಲ್ಲಿ ಅಲ್ಲಿ ಬೀಡುಬಿಟ್ಟು ಮೀನು ಹಿಡಿದು, ಬೇಯಿಸಿ, ಹೊಗೆಗಿಟ್ಟು ಒಣಗಿಸುತ್ತಾರೆ. ಊರಿಲ್ಲದ ಜಾಗ ಎಂದರೆ ಒಡೆಯರಿಲ್ಲದ ಜಾಗ ಎಂದು ಅರ್ಥವಲ್ಲ. ನಮ್ಮ ಹಳ್ಳಿಯ ಗೋಮಾಳವನ್ನು ಖಾಲಿ ನೆಲವೆಂದು ಬರೆದು ಕಾರ್ಖಾನೆಗೆ ಕೊಟ್ಟವರ ಲೆಕ್ಕಣಿಕೆಯೇ ಇದೂ.

ಹವಳದ ಗೋಡೆಯಾದರೂ ಗಟ್ಟಿಯಾಗಿದೆಯೇ? 1998ರಲ್ಲಿ, 2010ರಲ್ಲಿ, 2016ರಲ್ಲಿ, 2024ರಲ್ಲಿ ಕಡಲು ಬಿಸಿಯೇರಿ ಅಲ್ಲಿನ ಹವಳ ಬಿಳಿಚಿಕೊಂಡಿತು. ಸಮುದ್ರಮಟ್ಟದಿಂದ ಕೆಲವೇ ಅಡಿ ಎತ್ತರದಲ್ಲಿರುವ ದ್ವೀಪಕ್ಕೆ ಮಳೆಗಾಲದ ತೆರೆಯನ್ನು ತಡೆಯುವುದು ಆ ಗೋಡೆಯೊಂದೇ.

ಇನ್ನು ಕುಡಿಯುವ ನೀರು. ಅಲ್ಲಿ ನದಿಯಿಲ್ಲ, ಕೆರೆಯಿಲ್ಲ. ಮರಳಿಗಿಳಿದ ಮಳೆನೀರು ಉಪ್ಪುನೀರಿನ ಮೇಲೆ ತೆಳ್ಳನೆಯ ಕೆನೆಯಂತೆ ತೇಲುತ್ತಿರುತ್ತದೆ. ಬಾವಿಯಿಂದ ಕೊಡದಲ್ಲಿ ಸೇದಿದರೆ ಸಿಹಿ, ಪಂಪು ಹಾಕಿ ಹೀರಿದರೆ ಕೆಳಗಿನ ಉಪ್ಪು ಮೇಲೇಳುತ್ತದೆ. 2005ರಲ್ಲಿ ಕವರತ್ತಿಯಲ್ಲಿ ಕಡಲ ನೀರನ್ನು ಸಿಹಿಮಾಡುವ ಸ್ಥಾವರ ಬಂದಾಗ ಅದೊಂದು ದೊಡ್ಡ ಸಾಧನೆಯೇ ಆಯಿತು. ನಾವೂ ಅದನ್ನು ಮೆಚ್ಚುತ್ತೇವೆ. ದಿನಕ್ಕೆ 1 ಲಕ್ಷ ಲೀಟರು. ಹನ್ನೊಂದು ಸಾವಿರ ಜನಕ್ಕೆ ಹಂಚಿದರೆ ತಲೆಗೆ ಒಂಬತ್ತು ಲೀಟರು. ಈಗ ವಿಲ್ಲಾದ ಮುಂದೆ ಅತಿಥಿ ಈಜಲು ಹತ್ತಡಿ ಅಗಲ, ಇಪ್ಪತ್ತಡಿ ಉದ್ದ, ನಾಲ್ಕಡಿ ಆಳದ ಒಂದು ಕೊಳ ಕಟ್ಟಿದರೆಂದು ಇಟ್ಟುಕೊಳ್ಳಿ. ಅದಕ್ಕೆ ಇಪ್ಪತ್ತೆರಡು ಸಾವಿರ ಲೀಟರಿಗೂ ಹೆಚ್ಚು ನೀರು ಬೇಕು. ಎರಡೂವರೆ ಸಾವಿರ ಜನರ ಒಂದು ದಿನದ ಪಾಲು ಅದು. ಸುತ್ತಲೂ ಕಡಲೇ ಇರುವಾಗ ಈ ಕೊಳವೇಕೆ ಎಂಬುದು ನಮ್ಮಂಥ ಹಳ್ಳಿಗರ ತಲೆಗೆ ಹೊಳೆಯುವುದಿಲ್ಲ.

ಕಂಪೆನಿ ತನ್ನ ನೀರನ್ನು ತಾನೇ ಮಾಡಿಕೊಳ್ಳುತ್ತದೆ ಎಂದು ಉತ್ತರ ಬರುತ್ತದೆ. ಮಾಡಿಕೊಳ್ಳಲಿ. ಅದಕ್ಕೆ ಸುಡುವ ಡೀಸೆಲು, ಅದರಿಂದ ಹೊರಬೀಳುವ ಗಡಸು ಉಪ್ಪುನೀರು, ನೂರಾರು ಜನರ ಮಲಮೂತ್ರ ಎಲ್ಲಿಗೆ ಹೋಗುತ್ತವೆ? ಅಷ್ಟು ಕಿರಿದಾದ ಮರಳಿನಲ್ಲಿ ಅದಕ್ಕೆ ಹೋಗಲು ಎರಡೇ ಜಾಗ, ಒಂದು ಬಾವಿ, ಇನ್ನೊಂದು ಎರೆಮೀನಿನ ಕೊಳ.

ಈ ಮಾತನ್ನು ನಾವು ಮಾತ್ರ ಆಡುತ್ತಿಲ್ಲ. ಅಗತ್ತಿಯ ರಿಸಾರ್ಟೊಂದರ ಮೊಕದ್ದಮೆಯಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮುಂದಾಳುತನದಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಅವರು ಹಿಂದೆ ನಮ್ಮ ಕರ್ನಾಟಕದ ಹೈಕೋರ್ಟಿನಲ್ಲೇ ನ್ಯಾಯಾಧೀಶರಾಗಿದ್ದವರು. ಚುನಾಯಿತ ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ, ವಿಜ್ಞಾನದ ಲೆಕ್ಕಕ್ಕೆ ಒಳಪಟ್ಟು ಕೆಲಸ ನಡೆಯಬೇಕೆಂದು ಆ ಸಮಿತಿ ಹೇಳಿತು. ಆಮೇಲೆ ಏನಾಯಿತು? 2020ರ ಡಿಸೆಂಬರಿನಲ್ಲಿ ಹೊಸ ಆಡಳಿತಾಧಿಕಾರಿ ಬಂದರು. 2021ರಲ್ಲಿ ಅಭಿವೃದ್ಧಿ ಪ್ರಾಧಿಕಾರದ ಕರಡು ಶಾಸನ ಬಂತು. ಯಾವ ನೆಲವನ್ನಾದರೂ ಯೋಜನಾಪ್ರದೇಶವೆಂದು ಸಾರಿ ವಶಪಡಿಸಿಕೊಳ್ಳುವ ಅಧಿಕಾರ ಅದರಲ್ಲಿತ್ತು. ಜೊತೆಗೇ, ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಇನ್ನೊಂದು ಕರಡು. ಕಳ್ಳಕಾಕರ ಭಯವೇ ಇಲ್ಲದ ದ್ವೀಪಕ್ಕೆ ಗೂಂಡಾ ಕಾಯಿದೆ! ನೆಲ ಕೇಳುವ ಕಾನೂನೂ ಬಾಯಿ ಮುಚ್ಚಿಸುವ ಕಾನೂನೂ ಒಂದೇ ವರ್ಷ ಹುಟ್ಟಿದ್ದು ಆಕಸ್ಮಿಕವೆಂದು ನಂಬುವಷ್ಟು ನಾವು ಮುಗ್ಧರಲ್ಲ. ತೀರದಲ್ಲಿ ಬೆಸ್ತರು ಬಲೆ-ದೋಣಿ ಇಡುವ ಚಪ್ಪರಗಳನ್ನು ಅದೇ ಕಾಲದಲ್ಲಿ ಕೆಡವಿದರು. 2021ರ ಜೂನ್ 7ರಂದು ದ್ವೀಪದ ಜನ ಮನೆಮನೆಯಲ್ಲಿ ಉಪವಾಸ ಕೂತರು. ತಲೆಮಾರುಗಳಿಂದ ಜನ ತೆಂಗು ಬೆಳೆದುಕೊಂಡು ಬಂದ ಪಂಡಾರ ಜಮೀನನ್ನು ಸರಕಾರದ್ದೆಂದು ಹಿಂತೆಗೆದುಕೊಳ್ಳುವ ಯತ್ನ 2024ರಲ್ಲಿ ನಡೆದಾಗ ಕೇರಳದ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ರಿಸಾರ್ಟು ಬಂದರೆ ಕೆಲಸ ಬರುತ್ತದೆ ಎಂಬ ವಾದವನ್ನು ನಾವು ಹಗುರಾಗಿ ತಳ್ಳಿಹಾಕುವವರಲ್ಲ. ಕೆಲಸವಿಲ್ಲದ ಮನೆಯ ಕಷ್ಟ ನಮ್ಮ ಓದುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕೆಲಸದ ಆಸೆ ತೋರಿಸುವ ಅದೇ ಆಡಳಿತ 2021ರಲ್ಲಿ ಪ್ರವಾಸೋದ್ಯಮ ಇಲಾಖೆಯ ಹಂಗಾಮಿ ನೌಕರರನ್ನೇ ಮನೆಗೆ ಕಳಿಸಿತ್ತು. ಇನ್ನು ಕಂಪೆನಿ ಕೊಡುವ ಕೆಲಸ ಎಂಥದು? ನಮ್ಮ ಕರಾವಳಿಯ ಹುಡುಗರು ಮುಂಬಯಿಯ ಹೋಟೆಲುಗಳಲ್ಲಿ ಹಗಲು ತಟ್ಟೆ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ತಾವೇ ಹೋಟೆಲು ಇಟ್ಟದ್ದುಂಟು. ರಸ್ತೆಬದಿಯಲ್ಲಿ ಒಂದು ಒಲೆ ಹಚ್ಚಲು ಜಾಗ ಸಿಕ್ಕಿದ್ದರಿಂದ ಅದು ಸಾಧ್ಯವಾಯಿತು. ಇಡೀ ದ್ವೀಪವೇ ಒಬ್ಬ ಧಣಿಯ ಪಾಲಾದ ಮೇಲೆ ಒಲೆ ಹಚ್ಚುವುದೆಲ್ಲಿ? ಅಡುಗೆಯವನು, ಲೆಕ್ಕದವನು, ಮೇನೇಜರು ಹೊರಗಿನಿಂದ. ಹಾಸಿಗೆ ಕೊಡಹುವುದು, ಪೆಟ್ಟಿಗೆ ಹೊರುವುದು ದ್ವೀಪದವನಿಗೆ. ಮಳೆಗಾಲದ ನಾಲ್ಕು ತಿಂಗಳು ಅತಿಥಿ ಇಲ್ಲದಾಗ ಅವನಿಗೆ ಸಂಬಳವುಂಟೇ? ಪ್ರಾವಿಡೆಂಟ್ ಫಂಡು ಉಂಟೇ? ಸಂಘ ಕಟ್ಟಿದರೆ ದೋಣಿ ಹತ್ತಿಸಿ ಕಳಿಸುವುದಿಲ್ಲವೆಂಬ ಖಾತರಿ ಉಂಟೇ? ಇವಕ್ಕೆ ಬರೆದ ಉತ್ತರ ಬರಲಿ, ಆಮೇಲೆ ಕೆಲಸದ ಮಾತಾಡೋಣ.

ಬಂದರಿನ ನಮ್ಮ ವ್ಯಾಪಾರಿ ಬಂಧುಗಳಲ್ಲಿ ಕೆಲವರು ಸಾಮಾನು ಹೆಚ್ಚು ಹೋಗುತ್ತದೆಂದು ಲೆಕ್ಕ ಹಾಕುತ್ತಿದ್ದಾರೆ. 2021ರಲ್ಲಿ ಸರಕು ಸಾಗಣೆಯನ್ನು ಬೇಪೂರಿನಿಂದ ಮಂಗಳೂರಿಗೆ ತಿರುಗಿಸುವ ಮಾತು ಬಂದಾಗ, 2024ರ ಮೇ ತಿಂಗಳಲ್ಲಿ ಪ್ರಯಾಣಿಕರ ವೇಗದ ಹಡಗು ಹಳೆ ಬಂದರಿಗೆ ಬಂದಾಗ, ಆಸೆ ಚಿಗುರಿದ್ದು ಸಹಜ. ಆದರೆ ದ್ವೀಪದ ಗೃಹಸ್ಥ ನಿಮ್ಮಲ್ಲಿ ಅರ್ಧ ಮೂಟೆ ಅಕ್ಕಿ ಸಾಲ ಕೊಂಡು, ಮುಂದಿನ ಮಂಜಿಯಲ್ಲಿ ಹಣ ಕಳಿಸುವವನು. ಕಂಪೆನಿ ನಿಮ್ಮ ಅಂಗಡಿಗೆ ಬರುವುದಿಲ್ಲ. ಅದರ ಮಾಂಸ, ಬೆಣ್ಣೆ, ಸೀಸೆ, ಹಾಸು-ಹೊದಿಕೆ ಎಲ್ಲಕ್ಕೂ ದೊಡ್ಡ ಗುತ್ತಿಗೆದಾರರಿರುತ್ತಾರೆ. ದ್ವೀಪದ ಮೀನುಗಾರ ಸೊರಗಿದರೆ ಸೊರಗುವುದು ನಿಮ್ಮ ಖಾತೆಪುಸ್ತಕವೇ.

ಮಾಲ್ದೀವಿನ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ, ಪೂರ್ತಿ ಕೊಡುವವರಿಲ್ಲ. 1972ರಲ್ಲಿ ಅಲ್ಲಿ ಮೊದಲ ರಿಸಾರ್ಟು ತೆರೆಯಿತು. ದ್ವೀಪಕ್ಕೊಂದು ರಿಸಾರ್ಟು, ಅತಿಥಿಗಳು ಒಂದು ಕಡೆ, ಊರಿನ ಜನ ಇನ್ನೊಂದು ಕಡೆ ಎಂಬ ಏರ್ಪಾಡು ದಶಕಗಳ ಕಾಲ ನಡೆಯಿತು. ಹಣ ಬಂತು, ಕೆಲವೇ ಮನೆಗಳಿಗೆ. 2009ರ ಸುಮಾರಿಗೆ ಕಾನೂನು ಬದಲಾಗಿ ಜನವಸತಿಯ ದ್ವೀಪಗಳಲ್ಲೂ ಅತಿಥಿಗೃಹ ಇಡಲು ಅನುಮತಿ ಬಂದ ಮೇಲೆಯೇ ಮಾಫುಶಿಯಂಥ ಊರುಗಳಲ್ಲಿ ಸಾಮಾನ್ಯನು ಎರಡು ಕೋಣೆ ಹಾಕಿ ತಾನೂ ಒಂದಿಷ್ಟು ಸಂಪಾದಿಸತೊಡಗಿದ. ಅವರು ಹಿಂದೆ ತಿದ್ದಿಕೊಂಡ ಹಳೆಯ ಪಾಠವನ್ನು ನಾವು ಹೊಸದೆಂದು ಕೊಳ್ಳುತ್ತಿದ್ದೇವೆ.

ಕಡಲ ದಂಡೆಯಲ್ಲಿ ನಾಲ್ಕು ದಿನ ಸುಮ್ಮನೆ ಕೂರುವ ಹಕ್ಕು ಎಲ್ಲರಿಗೂ ಇದೆ. ಮಗ್ಗದ ಸದ್ದಿನಲ್ಲಿ ಕಿವಿ ಕಿವುಡಾದವನಿಗೆ ಎಲ್ಲರಿಗಿಂತ ಹೆಚ್ಚು ಇದೆ. ಲಕ್ಷದ್ವೀಪದಲ್ಲಿ 1982ರಿಂದ ಸರಕಾರದ್ದೇ ಪ್ರವಾಸ ಸಂಸ್ಥೆಯಿದೆ. ಅದರ ಹಡಗುಗಳಲ್ಲಿ ಅಗ್ಗದ ದರಕ್ಕೆ ಜನ ಹೋಗಿಬರಲಿ. ದ್ವೀಪದವರ ಮನೆಗಳಲ್ಲಿ, ಅವರ ಸಹಕಾರ ಸಂಘಗಳ ಕೋಣೆಗಳಲ್ಲಿ ಇಳಿದುಕೊಳ್ಳಲಿ, ಅವರ ಸೂರೆಮೀನಿನ ಸಾರು ಉಣ್ಣಲಿ. ಎಷ್ಟು ಜನ, ಎಷ್ಟು ನೀರು ಎಂಬುದನ್ನು ಅವರ ಪಂಚಾಯತಿ ಗೊತ್ತುಮಾಡಲಿ. ಅತಿಥಿಯ ವಿಮಾನಕ್ಕೆ ಪಟ್ಟಿ ಹಿಗ್ಗಿಸುವ ಮೊದಲು, ಕೊಚ್ಚಿಯ ಆಸ್ಪತ್ರೆಗೆ ಬಂದ ದ್ವೀಪದ ರೋಗಿಗೆ ಮನೆಗೆ ಮರಳುವ ಹಡಗಿನ ಟಿಕೇಟು ಸಿಗಲಿ. ಕಂಬ ಹೊಡೆಯುವ ಟೆಂಡರು ರದ್ದಾಗಲಿ. ನಮ್ಮ ಜಿಲ್ಲೆಯಿಂದ ಪಾರ್ಲಿಮೆಂಟಿಗೆ ಹೋದವರು, ಒಂದು ಕಾಲಕ್ಕೆ ಕಡಮತ್ ಇದೇ ಜಿಲ್ಲೆಯ ನೆಲವಾಗಿತ್ತೆಂಬ ಜ್ಞಾಪಕವಿದ್ದರೆ, ಅದನ್ನು ಅಲ್ಲಿ ಎದ್ದು ನಿಂತು ಕೇಳಲಿ.